ಮರೆವಿನ ಕಾಯಿಲೆ: ಒಳಹರಿವಿನ ಲೆಕ್ಕ ಯಾರ ಬಳಿ ಇದೆ?

ಮಾನ್ಯ ಸಂಪಾದಕರೇ,

ಹಿರಿಯೂರು ಸೀಮೆಯ ನಮಗೆ ಮಳೆಗಾಲದಲ್ಲಿ ಪತ್ರಿಕೆ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ವಾಣಿವಿಲಾಸ ಸಾಗರದ ಅಂಕಿಗಳ ಕಡೆಗೆ. ಗರಿಷ್ಠ ಮಟ್ಟ 130 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ತಾವು ಅಚ್ಚು ಹಾಕುತ್ತೀರಿ. 1933ರಲ್ಲಿ ತುಂಬಿದ್ದ ಈ ಜಲಾಶಯ, ನಮ್ಮ ಬಾಯಲ್ಲಿ ಮಾರಿಕಣಿವೆ, ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ಕಾದ ಜನ ನಾವು. ಆದ್ದರಿಂದ ಮಟ್ಟವೇ ಬೇರೆ, ಒಳಹರಿವೇ ಬೇರೆ ಎಂಬುದನ್ನು ನಮ್ಮ ಊರಿನ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಟ್ಟ ಹೆಚ್ಚಿದೆ ಎಂದಮಾತ್ರಕ್ಕೆ ವೇದಾವತಿ ನದಿಯಲ್ಲಿ ಹೊಸ ನೀರು ಬರುತ್ತಿದೆ ಎಂದಾಗುವುದಿಲ್ಲ. ತೂಬು ಮುಚ್ಚಿದ್ದರೂ ನೀರು ನಿಲ್ಲುತ್ತದೆ. ಇದೇ ಸರಳವಾದ ವ್ಯತ್ಯಾಸವನ್ನು ನಮ್ಮ ಹಿರಿಯರನ್ನು ಕಾಡುವ ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಷಿಯಾದ, ವಿಷಯದಲ್ಲಿ ಮಾತ್ರ ನಾವೆಲ್ಲರೂ ಮರೆತಿದ್ದೇವೆ ಎಂದು ತಿಳಿಸುವುದಕ್ಕಾಗಿ ಈ ದೀರ್ಘವಾದ ಪತ್ರವನ್ನು ಬರೆಯುತ್ತಿದ್ದೇನೆ.

ಪ್ರತಿ ವರ್ಷ ಸೆಪ್ಟೆಂಬರ್ 21ರಂದು ವಿಶ್ವ ಆಲ್ಝೈಮರ್ ದಿನದ ಅಂಗವಾಗಿ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತವೆ. ಅವುಗಳಲ್ಲಿ ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂಬ ಅಂಕಿ ಇರುತ್ತದೆ. 2023ರಲ್ಲಿ ಪ್ರಕಟವಾದ ಈ ಅಂದಾಜು ರಾಷ್ಟ್ರಮಟ್ಟದ ಎಚ್ಚರಿಕೆಯ ಅಧ್ಯಯನವೊಂದರಿಂದ ಬಂದದ್ದು. ಅದರ ಬಗ್ಗೆ ನನಗೆ ಗೌರವವಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಈ ಪ್ರಮಾಣ ಹೆಚ್ಚು ಎಂಬುದನ್ನೂ ಅದೇ ಅಧ್ಯಯನ ತೋರಿಸಿದೆ. ಆದರೆ ಇದು ಜಲಾಶಯದ ಮಟ್ಟ. ಇಂದು ಕಾಯಿಲೆಯೊಡನೆ ಬದುಕುತ್ತಿರುವವರು ಎಷ್ಟು ಎಂಬುದನ್ನು ಇದು ಹೇಳುತ್ತದೆಯೇ ಹೊರತು, ನೆನಪು ಸರಿಯಾಗಿಯೇ ಇದ್ದ ಹಿರಿಯರಲ್ಲಿ ಈ ಒಂದು ವರ್ಷದೊಳಗೆ ಎಷ್ಟು ಮಂದಿಗೆ ಕಾಯಿಲೆ ಹೊಸದಾಗಿ ಆರಂಭವಾಯಿತು ಎಂಬುದನ್ನು ಹೇಳುವುದಿಲ್ಲ. 2010ರಲ್ಲಿ ಬಂದ ವರದಿಯೊಂದು ದೇಶದಲ್ಲಿ 37 ಲಕ್ಷ ಎಂದಿತ್ತು. ಅದನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ‘ಕಾಯಿಲೆ ದುಪ್ಪಟ್ಟಿಗಿಂತ ಹೆಚ್ಚಾಗಿದೆ’ ಎಂದು ಬರೆಯುವುದನ್ನು ನೋಡಿದ್ದೇನೆ. ಅಳತೆಯ ವಿಧಾನವೇ ಬೇರೆಯಾಗಿರುವಾಗ, ಮುದುಕರ ಸಂಖ್ಯೆಯೂ ಬೆಳೆದಿರುವಾಗ, ಹಾಗೆ ಹೇಳಲು ಬರುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಒಂದು ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ. ನೂರಕ್ಕೆ ಒಂಬತ್ತೂವರೆ ಮಂದಿ 60 ದಾಟಿದವರು ಎಂದು ಹಿಡಿದರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಹಿರಿಯರು. ಅವರಲ್ಲಿ ಶೇ 7.4 ಎಂದರೆ ಹನ್ನೊಂದು ಸಾವಿರಕ್ಕೂ ಮೀರಿದ ಜನ. ಅದು ಹದಿನಾಲ್ಕು ವರ್ಷಕ್ಕೂ ಹಿಂದಿನ ಜನಸಂಖ್ಯೆ. ಈಗ ಖಂಡಿತ ಹೆಚ್ಚಿರುತ್ತದೆ. ಮಟ್ಟವನ್ನು ಹೀಗೆ ಅಂದಾಜಿಸಬಹುದು. ಒಳಹರಿವನ್ನು ಅಂದಾಜಿಸಲು ಹೊರಟರೆ ಕಾಲಿಗೆ ನೆಲವೇ ಸಿಗುವುದಿಲ್ಲ.

ಏಕೆಂದರೆ ನಮ್ಮ ದೇಶದಲ್ಲಿ ಒಳಹರಿವನ್ನು ಅಳೆದವರು ಬಹಳ ಕಡಿಮೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿಗಳೊಡನೆ ಸೇರಿ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. 65 ದಾಟಿದ ಸಾವಿರ ಜನರನ್ನು ಒಂದು ವರ್ಷ ಗಮನಿಸಿದರೆ ಮೂವರಿಗಿಂತ ತುಸು ಹೆಚ್ಚು, ಕರಾರುವಾಕ್ಕಾಗಿ 3.24, ಮಂದಿಗೆ ಡಿಮೆನ್ಷಿಯಾದ ಮುಖ್ಯ ಬಗೆಯಾದ ಆಲ್ಝೈಮರ್ ಹೊಸದಾಗಿ ಕಾಣಿಸಿಕೊಳ್ಳುತ್ತದೆ ಎಂದು ಅದು ತಿಳಿಸಿತು. ವಯಸ್ಸಿನ ಏರುಪೇರನ್ನು ಸರಿದೂಗಿಸಿದರೆ ಅದು 4.7 ಆಗುತ್ತಿತ್ತು, ಅಮೆರಿಕದ ಪೆನ್ಸಿಲ್ವೇನಿಯಾದ ಮೊನೊಂಗಹೀಲಾ ಕಣಿವೆಯಲ್ಲಿ ಅದಕ್ಕೆ ಹೋಲಿಸಬಹುದಾದ ಅಂಕಿ 17.5. ಭಾರತದ ಹಳ್ಳಿಗಳಲ್ಲಿ ಈ ಕಾಯಿಲೆ ಅಪರೂಪವೆಂಬ ಮಾತು ಆಗ ಎಲ್ಲೆಡೆ ಹಬ್ಬಿತು. ಆದರೆ 2012ರಲ್ಲಿ ತಿರುವನಂತಪುರದಿಂದ ಪ್ರಕಟವಾದ ಅಧ್ಯಯನ, ಸಾವಿರಕ್ಕೂ ಹೆಚ್ಚು ಹಿರಿಯರನ್ನು ಸುಮಾರು ಎಂಟು ವರ್ಷಗಳ ಕಾಲ ಹಿಂಬಾಲಿಸಿದ ಬಳಿಕ, ಅದೇ 65 ದಾಟಿದವರಲ್ಲಿ ವರ್ಷಕ್ಕೆ ಸಾವಿರಕ್ಕೆ 15.54 ಎಂದಿತು. ಒಂದೇ ದೇಶ, ಒಂದೇ ಕಾಯಿಲೆ. ಸುಮಾರು ಐದು ಪಟ್ಟು ಅಂತರ. ನಮ್ಮ ಜಿಲ್ಲೆಯಲ್ಲಿ 65 ದಾಟಿದವರು ಒಂದು ಲಕ್ಷ ಇದ್ದಾರೆಂದು ಸುಲಭಕ್ಕಾಗಿ ಇಟ್ಟುಕೊಂಡರೆ, ಮೊದಲ ಲೆಕ್ಕದಂತೆ ವರ್ಷಕ್ಕೆ 324 ಮನೆಗಳಲ್ಲಿ, ಎರಡನೆಯದರಂತೆ 1,554 ಮನೆಗಳಲ್ಲಿ ಈ ಕಷ್ಟ ಹೊಸದಾಗಿ ಹೊಸ್ತಿಲು ದಾಟುತ್ತದೆ. ಎಷ್ಟು ವೈದ್ಯರು ಬೇಕು, ಎಷ್ಟು ಜನ ಆರೈಕೆದಾರರಿಗೆ ತರಬೇತಿ ಬೇಕು, ಯಾವ ತಾಲ್ಲೂಕಿನಲ್ಲಿ ಹಗಲು ಆರೈಕೆ ಕೇಂದ್ರ ಬೇಕು ಎಂದು ತೀರ್ಮಾನಿಸಬೇಕಾದ ಅಧಿಕಾರಿಗೆ 324ಕ್ಕೂ 1,554ಕ್ಕೂ ನಡುವೆ ಏನು ಮಾಡಬೇಕೆಂದು ಹೇಗೆ ತಿಳಿಯಬೇಕು?

ಮಟ್ಟವೊಂದನ್ನೇ ನೋಡಿದರೆ ಇನ್ನೊಂದು ತಪ್ಪಿಗೂ ದಾರಿಯಾಗುತ್ತದೆ. ಕಾಯಿಲೆಯವರನ್ನು ಚೆನ್ನಾಗಿ ನೋಡಿಕೊಂಡು, ಅವರು ಹತ್ತು ವರ್ಷ ಬದುಕುವ ಊರಿನಲ್ಲಿ ಸಂಖ್ಯೆ ಹೆಚ್ಚು ಕಾಣುತ್ತದೆ. ಹಾಸಿಗೆ ಹುಣ್ಣಾಗಿ, ನುಂಗಲು ಬಾರದೆ, ಕೆಮ್ಮಿನಿಂದ ಎರಡೇ ವರ್ಷದಲ್ಲಿ ತೀರಿಹೋಗುವ ಊರಿನಲ್ಲಿ ಕಡಿಮೆ ಕಾಣುತ್ತದೆ. ಕಡಿಮೆ ಸಂಖ್ಯೆಯನ್ನು ಕಂಡು ಸಮಾಧಾನಪಟ್ಟುಕೊಂಡರೆ ಆ ಸಮಾಧಾನಕ್ಕೆ ಬೆಲೆ ತೆರುವವರು ಬಡ ಕುಟುಂಬಗಳ ಮುದುಕಿಯರು.

ನನ್ನ ಅವ್ವನ ವಿಷಯವನ್ನು ಇಲ್ಲಿ ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಬದುಕಿದವಳು. ಓದು ಬರಹ ಇಲ್ಲ. ಶೇಂಗಾ ಬೀಜ ಯಾರಿಗೆ ಎಷ್ಟು ಸೇರು ಕೊಟ್ಟೆ, ಯಾರಿಂದ ಎಷ್ಟು ಬರಬೇಕು ಎಂಬುದೆಲ್ಲ ಅವಳ ನಾಲಗೆಯ ತುದಿಯಲ್ಲಿರುತ್ತಿತ್ತು. ಎಪ್ಪತ್ತೈದು ದಾಟಿದ ಮೇಲೆ ಸಾರಿಗೆ ಎರಡು ಸಲ ಉಪ್ಪು ಬಿತ್ತು, ನಾವು ನಕ್ಕೆವು. ಕೊಟ್ಟ ದುಡ್ಡನ್ನೇ ಮತ್ತೆ ಕೊಡಲು ಹೋದಳು. ‘ಅರವತ್ತಕ್ಕೆ ಅರಳು ಮರಳು’ ಎಂದೆವು. ನಲವತ್ತು ವರ್ಷ ನಡೆದುಹೋಗುತ್ತಿದ್ದ ನಾಯಕನಹಟ್ಟಿ ಜಾತ್ರೆಯ ದಾರಿಯಲ್ಲಿ ಒಂದು ಫಾಲ್ಗುಣದಲ್ಲಿ ದಿಕ್ಕು ತಪ್ಪಿ ಬಿಸಿಲಿನಲ್ಲಿ ನಿಂತಿದ್ದವಳನ್ನು ಪಕ್ಕದ ಊರಿನವರು ಮನೆಗೆ ಕರೆತಂದು ಬಿಟ್ಟ ನಂತರವೇ ನಾವು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಅಲ್ಲಿನ ವೈದ್ಯರು ಇಂದು ಯಾವ ದಿನಾಂಕ, ಯಾವ ಇಸವಿ ಎಂದು ಕೇಳಿದರು. ಅವ್ವನಿಗೆ ಗೊತ್ತಿರಲಿಲ್ಲ, ಆರೋಗ್ಯವಾಗಿದ್ದಾಗಲೂ ಅವಳಿಗೆ ಇಸವಿಯ ಗೊಡವೆ ಇರಲಿಲ್ಲ. ‘ಓದಿಲ್ಲದವರಿಗೆ ಇದು ಗೊತ್ತಾಗುವುದಿಲ್ಲ ಬಿಡಿ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ನಿದ್ರೆಯ ಮಾತ್ರೆ ಬರೆದುಕೊಟ್ಟು ಕಳುಹಿಸಿದರು. ಈಗ ಯಾವ ಮಳೆ ನಡೆಯುತ್ತಿದೆ ಎಂದು ಕೇಳಿದ್ದರೆ? ಆರಿದ್ರೆಯೋ, ಪುನರ್ವಸುವೋ, ಪುಷ್ಯವೋ ಎಂಬುದನ್ನು ಜೀವಮಾನವಿಡೀ ತಪ್ಪದೆ ಹೇಳುತ್ತಿದ್ದವಳು ಆ ಹೊತ್ತಿಗೆ ಅದನ್ನೂ ಕಳೆದುಕೊಂಡಿದ್ದಳು. ಅದೇ ರೋಗದ ನಿಜವಾದ ಗುರುತಾಗಿತ್ತು. ಬಲ್ಲಭಗಢದ ಅಧ್ಯಯನಕ್ಕೆ ಮೊದಲು ಅಲ್ಲಿನ ತಜ್ಞರು ಅಕ್ಷರ ಬಾರದವರಿಗೆ ಹೊಂದುವಂಥ ಪ್ರಶ್ನೆಗಳನ್ನು ಹಿಂದಿಯಲ್ಲಿ ಹೊಸದಾಗಿಯೇ ರೂಪಿಸಿಕೊಂಡಿದ್ದು ಈ ಕಾರಣಕ್ಕಾಗಿ. ಬಯಲುಸೀಮೆಯ ಕನ್ನಡಕ್ಕೂ ಅಂಥ ಪ್ರಶ್ನೆಗಳು ಬೇಕು.

ಅವ್ವ ತೀರಿಕೊಂಡಾಗ ನಿಧನ ವಾರ್ತೆಯಲ್ಲಿ ‘ವಯೋಸಹಜ ಕಾಯಿಲೆಯಿಂದ ಬಳಲುತ್ತಿದ್ದರು’ ಎಂದು ಅಚ್ಚಾಯಿತು. ಆ ಒಕ್ಕಣೆಯನ್ನು ಬರೆದುಕೊಟ್ಟವನು ನಾನೇ. ಪತ್ರಿಕೆಯ ತಪ್ಪು ಅದರಲ್ಲಿ ಏನೂ ಇಲ್ಲ. ಆದರೆ ಆ ಎರಡು ಪದಗಳ ಹಿಂದೆ ಜಿಲ್ಲೆಯ ಎಷ್ಟು ಡಿಮೆನ್ಷಿಯಾ ಸಾವುಗಳು ಸೇರಿಹೋಗಿವೆಯೋ ಎಂದು ಈಗ ಅನ್ನಿಸುತ್ತದೆ.

‘ವಯಸ್ಸಾಯಿತು’ ಎಂಬ ನಮ್ಮ ಈ ಮಾತು ಅಧ್ಯಯನಗಳ ಫಲಿತಾಂಶವನ್ನೇ ತಲೆಕೆಳಗು ಮಾಡಬಲ್ಲದು ಎಂಬುದಕ್ಕೆ ಸಾಕ್ಷ್ಯವಿದೆ. ಲ್ಯಾಟಿನ್ ಅಮೆರಿಕ, ಚೀನಾ ಮತ್ತು ಭಾರತದ ಹಲವು ಊರುಗಳಲ್ಲಿ ‘10/66’ ಎಂಬ ಸಂಶೋಧನಾ ಗುಂಪು ನಡೆಸಿದ ಸಮೀಕ್ಷೆ 2008ರಲ್ಲಿ ಪ್ರಕಟವಾಯಿತು. ಪ್ರಚಲಿತವಾಗಿದ್ದ ಅಮೆರಿಕನ್ ಮಾನದಂಡವನ್ನು ಬಳಸಿದಾಗ ಭಾರತದ ಗ್ರಾಮೀಣ ಭಾಗದಲ್ಲಿ ಡಿಮೆನ್ಷಿಯಾ ಕೇವಲ ಶೇ 0.3 ಕಂಡಿತು. ಓದು ಬರಹದ ಮಟ್ಟಕ್ಕೂ ಸಂಸ್ಕೃತಿಗೂ ಹೊಂದಿಸಿದ ತಮ್ಮದೇ ವಿಧಾನವನ್ನು ಬಳಸಿದಾಗ ಸಮೀಕ್ಷೆ ನಡೆದ ಎಲ್ಲ ಸ್ಥಳಗಳಲ್ಲಿಯೂ ಶೇ 5.6ಕ್ಕೆ ಕಡಿಮೆ ಇರಲಿಲ್ಲ. ಈ ವಿಧಾನದಿಂದ ಮಾತ್ರ ಗುರುತಿಸಲ್ಪಟ್ಟವರಲ್ಲಿ ದಿನನಿತ್ಯದ ಕೆಲಸಗಳಿಗೂ ಆಗದ ಅಸಹಾಯಕತೆ ಹೆಚ್ಚಾಗಿಯೇ ಇತ್ತು. ಅಂದರೆ ಅವರು ನಿಜವಾಗಿಯೂ ಕಾಯಿಲೆಯವರೇ. ಸೊಸೆ ಊಟ ಬಡಿಸುತ್ತಾಳೆ, ಮೊಮ್ಮಗಳು ತಲೆ ಬಾಚುತ್ತಾಳೆ, ದುಡ್ಡಿನ ವ್ಯವಹಾರ ಮಗನದು. ಅಜ್ಜಿಗೆ ಕೈಲಾಗುತ್ತಿಲ್ಲ ಎಂಬುದು ಇಂಥ ಮನೆಯಲ್ಲಿ ಕಾಣುವುದೇ ಇಲ್ಲ. ಕೂಡು ಕುಟುಂಬದ ಒಳ್ಳೆಯತನವೇ ರೋಗಕ್ಕೆ ಮರೆಯಾಗಿ ನಿಲ್ಲುತ್ತದೆ.

ಹಾಗಾದರೆ ಒಳಹರಿವನ್ನು ಅಳೆಯುವುದು ಹೇಗೆ? ಸಿದ್ಧಾಂತ ಸರಳ, ದುಡಿಮೆ ದೊಡ್ಡದು. ಒಂದು ಸಲ ಮನೆ ಮನೆಗೆ ಹೋಗಿ ಕಾಯಿಲೆ ಇರುವವರನ್ನು ಗುರುತಿಸಿ ಬದಿಗಿಟ್ಟು, ಕಾಯಿಲೆ ಇಲ್ಲದವರ ಪಟ್ಟಿ ಮಾಡಬೇಕು. ಒಂದೆರಡು ವರ್ಷ ಬಿಟ್ಟು ಅದೇ ಮನೆಗೆ, ಅದೇ ಜನರ ಬಳಿಗೆ, ಅದೇ ಪ್ರಶ್ನೆಗಳೊಡನೆ ಮತ್ತೆ ಹೋಗಬೇಕು. ಮತ್ತೆ, ಮತ್ತೆ ಹೋಗಬೇಕು. ನಡುವೆ ತೀರಿಹೋದವರನ್ನು ಪಟ್ಟಿಯಿಂದ ಸುಮ್ಮನೆ ಹೊಡೆದುಹಾಕಬಾರದು. ಅವರ ಕೊನೆಯ ದಿನಗಳು ಹೇಗಿದ್ದವು ಎಂದು ಮನೆಯವರನ್ನು ಕೇಳಬೇಕು, ಏಕೆಂದರೆ ಡಿಮೆನ್ಷಿಯಾ ಬಂದವರು ಬೇಗ ಸಾಯುವ ಸಂಭವ ಹೆಚ್ಚು. ಮಗನ ಜೊತೆ ಬೆಂಗಳೂರಿಗೆ ಹೋದ ತಂದೆಯ ಜಾಡನ್ನೂ ಹಿಡಿಯಬೇಕು. ಊರಲ್ಲಿ ಒಬ್ಬರೇ ಇರಲಾಗದೆ ಹೋದವರಲ್ಲಿಯೇ ಈ ಕಾಯಿಲೆ ಹೆಚ್ಚು ಇರಬಹುದಷ್ಟೆ. ಲೆಕ್ಕವನ್ನು ವಯಸ್ಸಿನ ಗುಂಪುಗಳಾಗಿ ಒಡೆಯುವುದೂ ಅಗತ್ಯ. ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಮಾಡಿದ ಅಂದಾಜಿನಂತೆ, ಹೊಸದಾಗಿ ಡಿಮೆನ್ಷಿಯಾ ಬರುವ ಪ್ರಮಾಣ 60ರಿಂದ 64ರ ವಯಸ್ಸಿನವರಲ್ಲಿ ವರ್ಷಕ್ಕೆ ಸಾವಿರಕ್ಕೆ 3.9 ಇದ್ದದ್ದು, ಸುಮಾರು ಆರು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತ, 90 ದಾಟಿದವರಲ್ಲಿ 104.8ಕ್ಕೆ ಏರುತ್ತದೆ. ‘ಅರವತ್ತಕ್ಕೆ’ ಎಂದು ನಮ್ಮ ಗಾದೆ ಹೇಳುವುದು ನಿಜವಲ್ಲ. ಅರವತ್ತರಲ್ಲಿ ಬಹುಪಾಲು ಮಂದಿ ಸರಿಯಾಗಿಯೇ ಇರುತ್ತಾರೆ. ಹಾಗಾಗಿಯೇ ಅರವತ್ತರಲ್ಲಿ ಮರೆವು ಕಾಣಿಸಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟದೆ ಪರೀಕ್ಷೆ ಮಾಡಿಸಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಂತ ರಕ್ತ ಇವು ಕೂಡ ಮರೆವಿನ ರೂಪದಲ್ಲಿ ಬರುತ್ತವೆ, ಸಕಾಲದಲ್ಲಿ ಗುರುತಿಸಿದರೆ ಚಿಕಿತ್ಸೆಗೆ ಬಗ್ಗುತ್ತವೆ. ಮಾಂಸಾಹಾರ ಮುಟ್ಟದ, ಹಾಲು ಮೊಸರನ್ನೂ ಮೊಮ್ಮಕ್ಕಳಿಗೆ ಬಿಟ್ಟುಕೊಡುವ ನಮ್ಮ ಭಾಗದ ಹಿರಿಯರಲ್ಲಿ ಬಿ12 ಪರೀಕ್ಷೆ ಮಾಡಿಸದೆ ಡಿಮೆನ್ಷಿಯಾ ಎಂದು ಷರಾ ಬರೆಯುವುದು ಅನ್ಯಾಯ.

ಒಳಹರಿವು ಮುಂದೆ ಏರುವುದೋ ಇಳಿಯುವುದೋ ಎಂಬುದನ್ನೂ ಊಹೆಯಿಂದ ಹೇಳಲಾಗದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ದಶಕಗಳಿಂದ ಗಮನಿಸುತ್ತಿರುವ ಅಧ್ಯಯನ, ಅಲ್ಲಿ ಹೊಸ ಡಿಮೆನ್ಷಿಯಾ ಪ್ರಕರಣಗಳ ಪ್ರಮಾಣ ದಶಕಕ್ಕೆ ಸರಾಸರಿ ಶೇ 20ರಷ್ಟು ಇಳಿಯುತ್ತ ಬಂದಿದೆ ಎಂದು 2016ರಲ್ಲಿ ತಿಳಿಸಿತು. ಆದರೆ ಆ ಇಳಿಕೆ ಕಂಡದ್ದು ಪ್ರೌಢಶಾಲೆ ಮುಗಿಸಿದವರಲ್ಲಿ ಮಾತ್ರ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನನಗೆ ಈ ವಾಕ್ಯ ಓದಿದಾಗ ಆದ ಸಂತೋಷವನ್ನೂ, ಏಳನೆಯ ತರಗತಿಗೇ ಶಾಲೆ ಬಿಡಿಸಿದ ಹೆಣ್ಣುಮಕ್ಕಳ ಮುಖಗಳು ನೆನಪಾಗಿ ಆದ ಸಂಕಟವನ್ನೂ ಹೇಳಲಾರೆ. ಶಿಕ್ಷಣದ ಕೊರತೆ, ಕಿವಿ ಮಂದವಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ ಮೊದಲಾದ ಹದಿನಾಲ್ಕು ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ 45ರವರೆಗೆ ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೇಳಿದೆ. ನಾಳಿನ ಹಿರಿಯರು ನಮಗಿಂತ ಹೆಚ್ಚು ಓದಿದವರು. ಸಕ್ಕರೆ ಕಾಯಿಲೆಯೂ ಅವರಲ್ಲಿ ಹೆಚ್ಚು. ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದು ಎಣಿಸಿದರೆ ಮಾತ್ರ ಗೊತ್ತಾಗುವ ಸಂಗತಿ. ಇನ್ನೊಂದು ವಿಷಯವೂ ನಮ್ಮ ಗಡಿ ತಾಲ್ಲೂಕುಗಳಿಗೆ ಹತ್ತಿರದ್ದು. ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳ ಬಗ್ಗೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆ ಬಲ್ಲವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಡಿಮೆನ್ಷಿಯಾ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಈ ವ್ಯತ್ಯಾಸ ಇತ್ತು. ಅದು ಆಸ್ಪತ್ರೆಗೆ ಬಂದವರ ಅಧ್ಯಯನ, ಇಡೀ ಊರಿನದಲ್ಲ. ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಮನೆಗಳಲ್ಲಿ ಕನ್ನಡವೂ ತೆಲುಗೂ ಒಟ್ಟಿಗೇ ಆಡುತ್ತವೆ. ಊರಿಗೆ ಊರನ್ನೇ ಹಿಂಬಾಲಿಸಿ ಇದನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ಜಾಗ ಎಲ್ಲಿದೆ?

ರಾಜ್ಯದಲ್ಲಿ ಇಂಥ ಕೆಲಸ ನಡೆಯುತ್ತಿಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ದೀರ್ಘಕಾಲ ಹಿಂಬಾಲಿಸುವ ಗುರಿಯಿಟ್ಟುಕೊಂಡಿದೆ. ನಿಮ್ಹಾನ್ಸ್ ನೆರವಿನಿಂದ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮುಂತಾದೆಡೆ ಮೆದುಳು ಆರೋಗ್ಯ ಯೋಜನೆಯನ್ನು ಆರಂಭಿಸಿತು. ನನ್ನ ಅರಿಕೆ ಇಷ್ಟೇ: ಅದೇ ವಿಜ್ಞಾನ ಸಂಸ್ಥೆಗೆ ನಮ್ಮ ಚಳ್ಳಕೆರೆಯ ಕುದಾಪುರದಲ್ಲಿ ವಿಶಾಲವಾದ ಆವರಣವಿದೆ. ಆ ಜಮೀನಿನ ಸುತ್ತಲಿನ ಹಳ್ಳಿಗಳ ಹಿರಿಯರನ್ನು ಹೀಗೆಯೇ ಹಿಂಬಾಲಿಸುವ ಕೆಲಸವನ್ನು ಅಲ್ಲಿಂದಲೂ ಆರಂಭಿಸಬಾರದೇಕೆ? ಚಿತ್ರದುರ್ಗದಲ್ಲಿಯೂ ದಾವಣಗೆರೆಯಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಸಮುದಾಯ ವೈದ್ಯ ವಿಭಾಗಗಳಿವೆ. ಕಲಿಯುವ ವಿದ್ಯಾರ್ಥಿಗಳು ಪ್ರತಿ ವರ್ಷ ಹಳ್ಳಿಗಳಿಗೆ ಹೋಗುತ್ತಲೇ ಇದ್ದಾರೆ. ಬೇಕಾಗಿರುವುದು ಪ್ರತಿ ವರ್ಷ ಹೊಸ ಹಳ್ಳಿ ಹುಡುಕುವುದಲ್ಲ, ಹೋದ ಹಳ್ಳಿಗೇ ಮತ್ತೆ ಹೋಗುವುದು.

ಅದಕ್ಕೂ ಮೊದಲು, ಹೆಚ್ಚು ಹಣ ಬೇಡದ ಒಂದು ತಿದ್ದುಪಡಿ ಇದೆ. ಅಸಾಂಕ್ರಾಮಿಕ ರೋಗಗಳ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ಮನೆ ಮನೆಯಲ್ಲಿ ತುಂಬುವ ನಮೂನೆಯಲ್ಲಿ 60 ದಾಟಿದವರಿಗಾಗಿಯೇ ಒಂದು ಪ್ರಶ್ನೆ ಇದೆ: ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆತುಹೋಗುತ್ತದೆಯೇ? ಪ್ರಶ್ನೆ ಇರುವುದೇ ದೊಡ್ಡದು. ಆದರೆ ಹೆಸರು, ವಿಳಾಸ ಮರೆಯುವ ಹೊತ್ತಿಗೆ ಕಾಯಿಲೆ ಬಹಳ ಮುಂದುವರಿದಿರುತ್ತದೆ. ಅದೂ ಅಲ್ಲದೆ ಮರೆವು ಬಂದವರನ್ನೇ ‘ನಿಮಗೆ ಮರೆವು ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎನ್ನುವುದು ಸಹಜ. ಅದೇ ಪ್ರಶ್ನೆಯನ್ನು ಮನೆಯ ಇನ್ನೊಬ್ಬರಿಗೂ ಕೇಳಿ, ಹೋದ ವರ್ಷಕ್ಕಿಂತ ಈ ವರ್ಷ ಅಡುಗೆಯಲ್ಲಿ, ದುಡ್ಡಿನ ಲೆಕ್ಕದಲ್ಲಿ, ದಾರಿ ಗುರುತಿನಲ್ಲಿ ಬದಲಾವಣೆ ಆಗಿದೆಯೇ ಎಂಬುದನ್ನು ಸೇರಿಸಿ, ಹಿಂದಿನ ವರ್ಷದ ಹಾಳೆಯ ಜೊತೆ ಹೋಲಿಸಿದರೆ ಸಾಕು. ಪೂರ್ತಿ ರೋಗನಿರ್ಣಯ ಅಲ್ಲದಿದ್ದರೂ ಒಳಹರಿವಿನ ಮೊದಲ ಅಂದಾಜು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿಯೇ ಸಿಗುತ್ತದೆ. ಗೌರವಧನಕ್ಕಾಗಿ ಬೀದಿಗಿಳಿಯಬೇಕಾಗಿ ಬಂದಿರುವ ಈ ಹೆಣ್ಣುಮಕ್ಕಳ ಮೇಲೆ ಇದನ್ನು ಬಿಟ್ಟಿ ಹೊರೆಯಾಗಿ ಹೇರಬಾರದು. ಪ್ರತಿ ಹಾಳೆಗೂ ಕೂಲಿ ಕಟ್ಟಿಕೊಡಲೇಬೇಕು.

ಕಳೆದ ತಿಂಗಳು ನಮ್ಮ ಬೀದಿಯ ಕಾರ್ಯಕರ್ತೆ ಮನೆಗೆ ಬಂದಿದ್ದರು. ನನ್ನ ಪತ್ನಿಗೆ ಈಗ 68. ಆ ಪ್ರಶ್ನೆಯನ್ನು ಕೇಳಿದಾಗ ಅವಳು ನಕ್ಕು, ‘ಇಲ್ಲವ್ವ, ಎಲ್ಲ ನೆನಪಿದೆ’ ಎಂದಳು. ಹಾಳೆಯಲ್ಲಿ ‘ಇಲ್ಲ’ ಎಂದು ಗುರುತು ಬಿತ್ತು. ಪಕ್ಕದಲ್ಲಿಯೇ ಕುಳಿತಿದ್ದ ನನ್ನನ್ನು ಕೇಳುವ ಕಾಲಂ ಆ ಹಾಳೆಯಲ್ಲಿ ಇರಲಿಲ್ಲ. ಇದ್ದಿದ್ದರೆ, ಈ ಆರು ತಿಂಗಳಲ್ಲಿ ಗ್ಯಾಸ್ ಒಲೆ ಆರಿಸುವುದನ್ನು ಅವಳು ನಾಲ್ಕು ಸಲ ಮರೆತಳೆಂದೂ, ಮೊಮ್ಮಗನನ್ನು ಎರಡು ಸಲ ನಮ್ಮ ಮಗನ ಹೆಸರಿನಿಂದ ಕರೆದಳೆಂದೂ ಹೇಳುತ್ತಿದ್ದೆ. ಅದು ಏನೂ ಅಲ್ಲದಿರಬಹುದು. ಬರುವ ವಾರ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮುಂದಿನ ವರ್ಷ ಆ ತಾಯಿ ಅದೇ ಹಾಳೆಯನ್ನು ಹಿಡಿದು ನಮ್ಮ ಮನೆಗೆ ಮತ್ತೆ ಬರುವಂತೆ ಜಿಲ್ಲಾ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ. ಇಬ್ಬರೂ ಜಗುಲಿಯ ಮೇಲೆ ಕುಳಿತು, ಒಬ್ಬರ ಬಗ್ಗೆ ಇನ್ನೊಬ್ಬರು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇವೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಹಿರಿಯೂರು, ಚಿತ್ರದುರ್ಗ ಜಿಲ್ಲೆ